ಓದುಗರು ಕೇಳಿದ್ದು: ಡಬ್ಲ್ಯೂಗೆ ಡಬ್ಲ್ಯೂ ಎದುರಾದರೆ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ವಿಷಯ ಹಿಡಿದಿವೆ: ಬಲಗಳನ್ನು ಹೊತ್ತೊಯ್ಯುವ ಗೇಜ್ ಬೋಸಾನ್‌ಗಳು ತಮ್ಮತಮ್ಮಲ್ಲೇ ನಡೆಸುವ ವ್ಯವಹಾರವನ್ನು ವೇಗವರ್ಧಕಗಳಲ್ಲಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಬೃಂದಾವನದ ಕಾರಂಜಿ ಹತ್ತಿರ ಕೆಂಪು ದೀಪದ ಕಿರಣವೂ ಹಸಿರು ದೀಪದ ಕಿರಣವೂ ಒಂದನ್ನೊಂದು ಹಾಯ್ದು ಹೋಗುತ್ತವೆ, ಏನೂ ಆಗುವುದಿಲ್ಲ. ಡಬ್ಲ್ಯೂ ಬೋಸಾನ್ ಮಾತ್ರ ಯಾಕೆ ಹಾಗಲ್ಲ? (ನಿವೃತ್ತ ವಿಜ್ಞಾನ ಶಿಕ್ಷಕರು, ಪಾಂಡವಪುರ)

ಮೇಷ್ಟ್ರೇ, ಬೆಳಕಿನ ಕಣವಾದ ಫೋಟಾನ್ ಹೋಗಿ ಅಂಟುವುದು ವಿದ್ಯುದಾವೇಶಕ್ಕೆ. ಫೋಟಾನಿಗೇ ಆವೇಶವಿಲ್ಲ, ಆದ್ದರಿಂದ ಒಂದು ಫೋಟಾನಿಗೆ ಇನ್ನೊಂದರಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಡಬ್ಲ್ಯೂ ಕಥೆ ಬೇರೆ. ಅದು ದುರ್ಬಲ ಬಲವನ್ನು (ಕೆಲವು ನ್ಯೂಕ್ಲಿಯಸ್‌ಗಳ ವಿಕಿರಣ ಕ್ಷಯಕ್ಕೆ ಕಾರಣವಾದ ಬಲ) ಹೊತ್ತು ತಿರುಗುತ್ತದೆ, ಜೊತೆಗೆ ಆ ಬಲದ ಆವೇಶವೂ ವಿದ್ಯುದಾವೇಶವೂ ಅದಕ್ಕೇ ಇವೆ. ಹಾಗಾಗಿ ಫೋಟಾನೂ, ಅದೇ ದುರ್ಬಲ ಬಲವನ್ನು ಹೊರುವ ಆವೇಶವಿಲ್ಲದ ಝೆಡ್ ಬೋಸಾನೂ ಎರಡೂ ಅದಕ್ಕೆ ಅಂಟುತ್ತವೆ. ಸಿದ್ಧಾಂತ ಒಪ್ಪುವ ಮೂರರ ಕೂಡುಗಳು (ಬೋಸಾನ್‌ಗಳು ಒಂದೇ ಬಿಂದುವಿನಲ್ಲಿ ಸೇರುವ ಜಾಗಗಳು) ಎರಡೇ: ಎರಡು ಡಬ್ಲ್ಯೂ ಜೊತೆ ಫೋಟಾನ್, ಎರಡು ಡಬ್ಲ್ಯೂ ಜೊತೆ ಝೆಡ್. ನಾಲ್ಕರ ಕೂಡುಗಳು ನಾಲ್ಕು: ನಾಲ್ಕೂ ಡಬ್ಲ್ಯೂ, ಇಲ್ಲವೇ ಎರಡು ಡಬ್ಲ್ಯೂ ಜೊತೆ ಎರಡು ಝೆಡ್, ಎರಡು ಫೋಟಾನ್, ಅಥವಾ ಒಂದು ಝೆಡ್ ಒಂದು ಫೋಟಾನ್. ಬರೀ ಝೆಡ್ ಮತ್ತು ಫೋಟಾನ್ ಸೇರಿದ ಕೂಡು ನೇರವಾಗಿ ಇಲ್ಲವೇ ಇಲ್ಲ. ಅಂಥದ್ದೊಂದು ಕಂಡರೆ ಅದು ಹೊಸ ಭೌತಶಾಸ್ತ್ರ ಎಂದೇ ಲೆಕ್ಕ.

ನಿಮ್ಮ ದೀಪಗಳಿಗೂ ಒಂದು ಸಣ್ಣ ಅಪವಾದ ಉಂಟು. ಆವೇಶವಿರುವ ಕಣಗಳು ಕ್ಷಣಮಾತ್ರ ನಡುವೆ ಬಂದು ಹೋಗುವುದರಿಂದ ಬೆಳಕು ಬೆಳಕನ್ನು ಚದುರಿಸಬಲ್ಲದು. ಜಿನೀವಾ ಬಳಿಯ ದೊಡ್ಡ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಒಂದರ ಪಕ್ಕ ಒಂದು ಹಾದುಹೋಗುವಾಗ ಇದನ್ನು ಕಂಡಿದ್ದಾರೆ. ಕಾರಂಜಿ ಬಳಿ ಕಾಯುತ್ತಾ ಕೂತರೆ ಪ್ರಯೋಜನವಿಲ್ಲ.

ಪ್ರಶ್ನೆ: ಎಲ್‌ಇಪಿಯಲ್ಲಿ (ಎಲ್‌ಎಚ್‌ಸಿಗೂ ಮುಂಚೆ ಅದೇ ಸುರಂಗದಲ್ಲಿದ್ದ ವೇಗವರ್ಧಕ) ಈ ಕೂಡುಗಳು ಇವೆ ಎಂದು 'ರದ್ದಾಗುವಿಕೆ'ಯಿಂದ ಸಾಬೀತಾಯಿತು ಎನ್ನುತ್ತಾರೆ. ಏನು ರದ್ದಾಗುತ್ತದೆ? (ಎಂ.ಎಸ್ಸಿ. ವಿದ್ಯಾರ್ಥಿನಿ, ಮಾನಸಗಂಗೋತ್ರಿ)

ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಸೇರಿ ಡಬ್ಲ್ಯೂ ಜೋಡಿ ಹುಟ್ಟಲು ಮೂರು ದಾರಿಗಳಿವೆ: ನಡುವೆ ನ್ಯೂಟ್ರಿನೊ ವಿನಿಮಯ, ನಡುವೆ ಫೋಟಾನ್, ನಡುವೆ ಝೆಡ್. ಕೊನೆಯ ಎರಡರಲ್ಲಿ ಮಾತ್ರ ಮೂರು ಬೋಸಾನ್‌ಗಳ ಕೂಡು ಬರುತ್ತದೆ. ಒಂದೊಂದು ದಾರಿಯ ಲೆಕ್ಕವನ್ನೂ ಬೇರೆಬೇರೆ ಮಾಡಿದರೆ, ಉದ್ದ ದಿಕ್ಕಿನಲ್ಲಿ ಧ್ರುವೀಕರಣಗೊಂಡ (ಚಲಿಸುವ ದಿಕ್ಕಿನಲ್ಲೇ ಕಂಪಿಸುವ) ಡಬ್ಲ್ಯೂಗಳಿಂದಾಗಿ ಆಂಪ್ಲಿಟ್ಯೂಡ್ (ವರ್ಗ ಮಾಡಿದರೆ ಸಂಭವನೀಯತೆ ಕೊಡುವ ಅಂಕಿ) ಶಕ್ತಿಯ ವರ್ಗದಂತೆ ಏರುತ್ತಲೇ ಹೋಗುತ್ತದೆ. ಕೂಡಿಸಿದಾಗ ಏರಿಕೆಯ ಭಾಗಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಸಣ್ಣ ಮೊತ್ತ.

ಮಂಡ್ಯ ಕಡೆ ಕಬ್ಬಿನ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸುತ್ತಾರಲ್ಲ, ಅದರಲ್ಲಿ ಡ್ರೈವರ್ ಕೂತಾಗ ಒಮ್ಮೆ, ಇಳಿದಾಗ ಒಮ್ಮೆ ತೂಗಿ ಡ್ರೈವರ್ ತೂಕ ಕಂಡುಹಿಡಿಯಲು ಹೊರಟಂತೆ ಇದು. 12 ಟನ್ನಿನಲ್ಲಿ ನೂರಕ್ಕೊಂದು ಪಾಲು ತಪ್ಪಿದರೂ ಡ್ರೈವರ್ ತೂಕ 120 ಕಿಲೋ ಆಚೀಚೆ ಆಗುತ್ತದೆ. ವೇಬ್ರಿಡ್ಜ್‌ನವನಿಗೆ ಇದು ತಲೆನೋವು, ನಮಗೆ ಲಾಭ: ಕೂಡಿನ ಬಲ ಒಂದು ಕೂದಲಷ್ಟು ಬೇರೆ ಇದ್ದರೂ ರದ್ದಾಗುವಿಕೆ ಕೆಟ್ಟು, ವ್ಯತ್ಯಾಸ ದೊಡ್ಡದಾಗಿ ಎದ್ದು ಕಾಣುತ್ತದೆ.

ಎಲ್‌ಇಪಿ 1996ರಲ್ಲಿ 161 ಜಿಇವಿ (ಕಣಗಳ ಶಕ್ತಿ, ದ್ರವ್ಯರಾಶಿ ಎರಡನ್ನೂ ಅಳೆಯುವ ಮಾನ) ಮುಟ್ಟಿತು. ಡಬ್ಲ್ಯೂ ದ್ರವ್ಯರಾಶಿ 80.4 ಜಿಇವಿ, ಅಂದರೆ ಜೋಡಿ ಹುಟ್ಟಲು ಹೊಸ್ತಿಲು ದಾಟಿದಷ್ಟೇ. ಅಲ್ಲಿ ಕ್ರಾಸ್ ಸೆಕ್ಷನ್, ಅಂದರೆ ಜೋಡಿ ಹುಟ್ಟುವ ಸಾಧ್ಯತೆಯ ಅಳತೆ, ಸುಮಾರು 4 ಪಿಕೋಬಾರ್ನ್. 200 ಜಿಇವಿ ಹೊತ್ತಿಗೆ ಸುಮಾರು 17ಕ್ಕೆ ಏರಿ, ಅಲ್ಲಿ ಗ್ರಾಫ್ ಚಪ್ಪಟೆಯಾಯಿತು. ನ್ಯೂಟ್ರಿನೊ ದಾರಿ ಒಂದೇ ಇದ್ದಿದ್ದರೆ, ಅಥವಾ ಝೆಡ್ ಕೂಡನ್ನು ಬಿಟ್ಟು ಲೆಕ್ಕ ಹಾಕಿದ್ದರೆ, ಗೆರೆ ಮೇಲಕ್ಕೇ ಹೋಗಬೇಕಿತ್ತು.

ಬರೀ ಎಣಿಕೆ ಸಾಲದು, ಕೋನವನ್ನೂ ಅಳೆಯಬೇಕು. ಅದಕ್ಕೆ ಅನುಕೂಲವಾದದ್ದು ಒಂದು ಡಬ್ಲ್ಯೂ ಎರಡು ಜೆಟ್‌ಗಳಾಗಿ (ಕ್ವಾರ್ಕಿನಿಂದ ಚಿಮ್ಮುವ ಕಣಗಳ ಗುಂಪು), ಇನ್ನೊಂದು ಲೆಪ್ಟಾನ್ (ಎಲೆಕ್ಟ್ರಾನ್, ಅದರ ಭಾರದ ಸೋದರ ಮ್ಯೂಯಾನ್ ಇತ್ಯಾದಿ) ಮತ್ತು ನ್ಯೂಟ್ರಿನೊ ಆಗಿ ಒಡೆಯುವ ಘಟನೆಗಳು (ನೂರಕ್ಕೆ ಸುಮಾರು 44). ಲೆಪ್ಟಾನಿನ ಆವೇಶ ನೋಡಿದರೆ ಯಾವುದು ಡಬ್ಲ್ಯೂ-ಮೈನಸ್ ಎಂದು ತಿಳಿಯುತ್ತದೆ. ನಾಲ್ಕೂ ಜೆಟ್‌ಗಳಾದರೆ ಜೋಡಿ ಕಟ್ಟಲು ಮೂರು ರೀತಿ. ಮೇಲೆ ಯಾವ ಜೋಡಿ ಧನ, ಯಾವುದು ಋಣ ಎಂಬ ಗೊಂದಲ ಬೇರೆ.

ಪ್ರಶ್ನೆ: ಕಪ್ಪಾ 1, ಲ್ಯಾಮ್ಡಾ 0 ಎಂದು ಪಠ್ಯದಲ್ಲಿದೆ. ಈ ಅಂಕಿಗಳ ಅರ್ಥವೇನು? (ಪಿಯು ಉಪನ್ಯಾಸಕರು, ಮಂಡ್ಯ)

ಡಬ್ಲ್ಯೂಗೆ ಫೋಟಾನ್ ಅಂಟುವ ರೀತಿಯನ್ನು ಹೇಳುವ ಅಂಕಿಗಳು ಇವು. ಡಬ್ಲ್ಯೂ ಒಂದು ಪುಟ್ಟ ಆಯಸ್ಕಾಂತವೂ ಹೌದು. ಅದರ ಕಾಂತೀಯ ಬಲ 1 + ಕಪ್ಪಾ + ಲ್ಯಾಮ್ಡಾಗೆ ಅನುಗುಣ. ಆವೇಶವಿರುವ ಸ್ಪಿನ್-1 ಕಣವೊಂದಕ್ಕೆ ಸರಳವಾಗಿ ಫೋಟಾನನ್ನು ಜೋಡಿಸಿದರೆ ಕಪ್ಪಾ 0 ಬರುತ್ತದೆ. ಗೇಜ್ ಸಿದ್ಧಾಂತದ ಸಮ್ಮಿತಿ ಅದನ್ನು 1ಕ್ಕೆ ಏರಿಸುತ್ತದೆ. ಎಲ್‌ಇಪಿಯ ನಾಲ್ಕು ಪ್ರಯೋಗಗಳ ಒಟ್ಟು ಅಳತೆ: ಕಪ್ಪಾ 0.982, ಅನಿಶ್ಚಿತತೆ 0.042, ಲ್ಯಾಮ್ಡಾ -0.022, ಅನಿಶ್ಚಿತತೆ 0.019. ಎರಡೂ ಸಿದ್ಧಾಂತದ ಅಂಕಿಗೆ ಹೊಂದುತ್ತವೆ. ಕಪ್ಪಾ 0 ಎಂಬ ಸಾಧ್ಯತೆಗೆ ಇಲ್ಲಿ ಜಾಗವೇ ಇಲ್ಲ.

ಇದೇ ವಿಷಯದಲ್ಲಿ ಒಂದು ಸೊಗಸು ಇದೆ. ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಸೇರಿ ಡಬ್ಲ್ಯೂ ಮತ್ತು ಫೋಟಾನ್ ಹುಟ್ಟುವಾಗ, ಕೋನದ ಕೊಸೈನ್ ಮೂರನೇ ಒಂದರಷ್ಟಿರುವ ಒಂದು ದಿಕ್ಕಿನಲ್ಲಿ ಆಂಪ್ಲಿಟ್ಯೂಡ್ ಪೂರ್ತಿ ಸೊನ್ನೆ. ಆ ಮೂರನೇ ಒಂದು ಬಂದದ್ದು ಕ್ವಾರ್ಕಿನ ಆವೇಶದಿಂದಲೇ. ಅಮೆರಿಕದಲ್ಲಿದ್ದ ಪ್ರೋಟಾನ್-ಪ್ರತಿಪ್ರೋಟಾನ್ ವೇಗವರ್ಧಕ ಟೆವಟ್ರಾನಿನ ಡಿ-ಝೀರೊ ತಂಡ ಈ ತಗ್ಗಿನ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿತು. ಎಲ್‌ಎಚ್‌ಸಿಯಲ್ಲಿ ಎರಡೂ ಕಡೆಯಿಂದ ಪ್ರೋಟಾನೇ ಬರುವುದರಿಂದ ಕ್ವಾರ್ಕ್ ಯಾವ ಕಡೆಯದು ಎಂದು ನೇರ ತಿಳಿಯುವುದಿಲ್ಲ. ಜೊತೆಗೆ ಹೆಚ್ಚುವರಿ ಜೆಟ್ ಬಂದ ಘಟನೆಗಳು ತಗ್ಗನ್ನು ತುಂಬಿಬಿಡುತ್ತವೆ. ಜೆಟ್ ಇರುವುದನ್ನು ಕೈಬಿಟ್ಟರೆ ತಗ್ಗು ಮತ್ತೆ ಸ್ವಲ್ಪ ಕಾಣುತ್ತದೆ.

ಪ್ರಶ್ನೆ: ಡಬ್ಲ್ಯೂ ಕಿರಣ ಎಂಬುದೇ ಇಲ್ಲದಿರುವಾಗ ಡಬ್ಲ್ಯೂಗೆ ಡಬ್ಲ್ಯೂ ಡಿಕ್ಕಿ ಹೊಡೆಸುವುದು ಹೇಗೆ? ಅಷ್ಟೊಂದು ಕಸದಲ್ಲಿ ಅದನ್ನು ಹೆಕ್ಕುವುದು ಹೇಗೆ? (ಸಾಫ್ಟ್‌ವೇರ್ ಎಂಜಿನಿಯರ್, ವಿಜಯನಗರ, ಮೈಸೂರು)

ಎರಡು ಪ್ರೋಟಾನ್‌ಗಳಲ್ಲಿನ ಒಂದೊಂದು ಕ್ವಾರ್ಕೂ ಒಂದೊಂದು ಡಬ್ಲ್ಯೂ ಉಗುಳುತ್ತದೆ. ಆ ಡಬ್ಲ್ಯೂಗಳು ಎದುರಾಗುತ್ತವೆ. ಉಗುಳಿದ ಕ್ವಾರ್ಕ್‌ಗಳು ತಮ್ಮ ದಾರಿ ಹೆಚ್ಚು ಬಿಡದೆ, ಡಿಟೆಕ್ಟರಿನ ಎರಡು ತುದಿಗಳ ಕಡೆ ಜೆಟ್‌ಗಳಾಗಿ ಹೋಗುತ್ತವೆ. ಗುರುತು ಅದೇ.

ಒಂದೇ ಆವೇಶದ ಎರಡು ಡಬ್ಲ್ಯೂಗಳನ್ನು ಹುಡುಕುವುದರಲ್ಲಿ ಜಾಣತನವಿದೆ. ವಿರುದ್ಧ ಆವೇಶದ ಜೋಡಿಯನ್ನು ಟಾಪ್ ಕ್ವಾರ್ಕ್‌ಗಳು ರಾಶಿ ರಾಶಿ ಕೊಡುತ್ತವೆ: 13 ಟಿಇವಿಯಲ್ಲಿ (1 ಟಿಇವಿ ಎಂದರೆ 1,000 ಜಿಇವಿ) ಸುಮಾರು 830 ಪಿಕೋಬಾರ್ನ್, ಅಂದರೆ 8.3 ಲಕ್ಷ ಫೆಮ್ಟೋಬಾರ್ನ್. ನಮಗೆ ಬೇಕಾದದ್ದು ಸುಮಾರು 3 ಫೆಮ್ಟೋಬಾರ್ನ್. 2015ರಿಂದ 2018ರವರೆಗೆ ಒಂದೊಂದು ಪ್ರಯೋಗಕ್ಕೂ ಸಿಕ್ಕಿದ ಸುಮಾರು 140 ವಿಲೋಮ ಫೆಮ್ಟೋಬಾರ್ನ್ (ಒಂದು ಫೆಮ್ಟೋಬಾರ್ನ್‌ಗೆ 140 ಘಟನೆ ಸಿಗುವಷ್ಟು) ದತ್ತಾಂಶಕ್ಕೆ ಗುಣಿಸಿ: 420 ಘಟನೆ. ಅಷ್ಟರಲ್ಲಿ ನಡೆದ ಪ್ರೋಟಾನ್ ಡಿಕ್ಕಿಗಳು ಒಂದರ ಮುಂದೆ ಹದಿನಾರು ಸೊನ್ನೆಯಷ್ಟು.

ಎಲ್‌ಎಚ್‌ಸಿಯ ಪ್ರಯೋಗಗಳಲ್ಲೊಂದಾದ ಅಟ್ಲಾಸ್ ತಂಡ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಜರಡಿ ನೋಡಿ. ಒಂದೇ ಆವೇಶದ ಎರಡು ಲೆಪ್ಟಾನ್, ಎರಡಕ್ಕೂ ಅಡ್ಡ ಸಂವೇಗ (ಕಿರಣಕ್ಕೆ ಲಂಬವಾದ ದಿಕ್ಕಿನದು) 27 ಜಿಇವಿ ಮೀರಬೇಕು. ನ್ಯೂಟ್ರಿನೊಗಳು ಕದ್ದೊಯ್ದ ಅಡ್ಡ ಸಂವೇಗ ಕನಿಷ್ಠ 30. ಜೆಟ್‌ಗಳಿಗೆ 65 ಮತ್ತು 35. ಎರಡು ಜೆಟ್ ಸೇರಿದ ದ್ರವ್ಯರಾಶಿ 500 ದಾಟಬೇಕು, ಅವುಗಳ ರ‍್ಯಾಪಿಡಿಟಿ ಅಂತರ (ಕೋನದಲ್ಲಿ ಎಷ್ಟು ದೂರ ಎಂಬುದರ ಅಳತೆ) 2 ದಾಟಬೇಕು. ಬಾಟಮ್ ಕ್ವಾರ್ಕ್ ಜೆಟ್ ಕಂಡರೆ ಆ ಘಟನೆ ಹೊರಗೆ, ಅದು ಬಹುತೇಕ ಟಾಪ್‌ನಿಂದ ಬಂದದ್ದು.

ಇಷ್ಟಾದರೂ ಮೋಸ ಹೋಗುವ ಜಾಗಗಳಿವೆ. ಎಲೆಕ್ಟ್ರಾನ್ ಡಿಟೆಕ್ಟರಿನ ವಸ್ತುವಿನಲ್ಲಿ ಫೋಟಾನ್ ಹೊರಸೂಸುತ್ತದೆ, ಆ ಫೋಟಾನ್ ಒಡೆದು ಎಲೆಕ್ಟ್ರಾನ್-ಪಾಸಿಟ್ರಾನ್ ಆಗುತ್ತದೆ, ನಮ್ಮ ಪ್ರೋಗ್ರಾಂ ಪಾಸಿಟ್ರಾನಿನ ಗೆರೆಯನ್ನು ಹಿಡಿದುಬಿಡುತ್ತದೆ. ಆವೇಶ ಉಲ್ಟಾ! ವಸ್ತು ಹೆಚ್ಚಿರುವ ಅಂಚಿನ ಕಡೆ ಇದು ಜಾಸ್ತಿ. ಮ್ಯೂಯಾನ್‌ಗೆ ಈ ಕಾಯಿಲೆ ಇಲ್ಲವೆಂದೇ ಹೇಳಬಹುದು. ಎಷ್ಟು ಸಲ ಹೀಗಾಗುತ್ತದೆ ಎಂದು ತಿಳಿಯಲು ಝೆಡ್‌ನ ಮೊರೆಹೋಗುತ್ತಾರೆ: 91 ಜಿಇವಿ ಸುತ್ತ ಎರಡು ಎಲೆಕ್ಟ್ರಾನ್‌ಗಳಿಗೂ ಒಂದೇ ಆವೇಶ ಕಂಡರೆ, ಒಂದನ್ನು ತಪ್ಪಾಗಿ ಓದಿದ್ದೇವೆ ಎಂದರ್ಥ. ಎರಡನೆಯದು, ಡಬ್ಲ್ಯೂ-ಝೆಡ್ ಜೋಡಿಯಲ್ಲಿ ಮೂರನೇ ಲೆಪ್ಟಾನ್ ಕಣ್ತಪ್ಪಿಸಿಕೊಳ್ಳುವುದು. ಮೂರೂ ಕಂಡ ಘಟನೆಗಳನ್ನು ಎಣಿಸಿ ಇದನ್ನು ಅಂದಾಜಿಸುತ್ತಾರೆ. ಮೂರನೆಯದು, ಅಂಚಿನ ಜೆಟ್‌ಗಳು. ಗೆರೆ ಹಿಡಿಯುವ ಟ್ರ್ಯಾಕರ್ ಅಲ್ಲಿಯವರೆಗೆ ಚಾಚಿಲ್ಲ, ಆದ್ದರಿಂದ ಅದೇ ಕ್ಷಣದ ಬೇರೆ ಡಿಕ್ಕಿಯಿಂದ ಬಂದ ಜೆಟ್ಟೋ ನಮ್ಮದೋ ಗೊತ್ತಾಗುವುದಿಲ್ಲ. ಜೆಟ್‌ಗಳಿಗೆ ಸಂವೇಗದ ಗೆರೆಯನ್ನು ಮೇಲೆ ಇಡುವುದಕ್ಕೆ ಇದೂ ಒಂದು ಕಾರಣ.

ನೀವೇ ಮ್ಯಾಡ್‌ಗ್ರಾಫ್‌ನಲ್ಲಿ (ಕಣಗಳ ಡಿಕ್ಕಿಯ ಲೆಕ್ಕ ಮಾಡುವ ಪ್ರೋಗ್ರಾಂ) ಲೆಕ್ಕ ಹಾಕುವುದಾದರೆ ಒಂದು ಎಚ್ಚರ: 'ಚದುರಿಕೆಯ ಚಿತ್ರಗಳಷ್ಟೇ ಸಾಕು' ಎಂದು ಉಳಿದ ಫೈನ್‌ಮನ್ ಚಿತ್ರಗಳನ್ನು (ಘಟನೆ ನಡೆಯುವ ಒಂದೊಂದು ದಾರಿಯ ಚಿತ್ರ) ಅಳಿಸಬೇಡಿ. ಗೇಜ್ ಸಮ್ಮಿತಿ ಮುರಿದು, ಬರುವ ಅಂಕಿ ಅರ್ಥವಿಲ್ಲದ್ದಾಗುತ್ತದೆ.

ಪ್ರಶ್ನೆ: ಹಿಗ್ಸ್ ಸಿಕ್ಕಾಯಿತು. ಇನ್ನೂ ಯಾಕೆ ಇದನ್ನೇ ಅಳೆಯುತ್ತಾರೆ? ಇನ್ನೂ ದೊಡ್ಡ ಯಂತ್ರ ಬೇಕೆ? (ಮದ್ದೂರು)

ಡಬ್ಲ್ಯೂ, ಝೆಡ್‌ಗಳಿಗೆ ದ್ರವ್ಯರಾಶಿ ಕೊಡುವ ಕ್ಷೇತ್ರದ ಕಣ ಹಿಗ್ಸ್. ಅದು ಇಲ್ಲದಿದ್ದರೆ ಡಬ್ಲ್ಯೂ-ಡಬ್ಲ್ಯೂ ಚದುರಿಕೆಯ ಲೆಕ್ಕ 1 ಟಿಇವಿ ಆಸುಪಾಸಿನಲ್ಲಿ ಸಂಭವನೀಯತೆಯ ಮಿತಿ ಮೀರುತ್ತಿತ್ತು. 2012ರಲ್ಲಿ ಸಿಕ್ಕ 125 ಜಿಇವಿ ಕಣ ಆ ಕೆಲಸವನ್ನು ಪೂರ್ತಿ ಮಾಡುತ್ತಿದೆಯೋ ಅರೆಬರೆಯೋ ಎಂಬುದು ಈಗಿನ ಪ್ರಶ್ನೆ. ಹೊಸದೇನಾದರೂ 1 ಟಿಇವಿ ಮಟ್ಟದಲ್ಲಿದ್ದರೆ ಅದರ ಗುರುತು ಶಕ್ತಿಯ ವರ್ಗದಂತೆ ಬೆಳೆಯುತ್ತದೆ: 0.2 ಟಿಇವಿಯಲ್ಲಿ ನೂರಕ್ಕೆ 4, 0.5ರಲ್ಲಿ ನೂರಕ್ಕೆ 25. ಎಲ್‌ಇಪಿ ನಿಂತದ್ದು 0.2ರಲ್ಲಿ. ಆದರೆ 1 ಟಿಇವಿ ಮೀರಿದ ಘಟನೆಗಳಿಗೂ ಅದೇ ಸೂತ್ರ ಹಚ್ಚಿ ಮಿತಿ ಘೋಷಿಸಿದರೆ ಅದು ಕಣ್ಣಿಗೆ ಮಣ್ಣೆರಚಿದಂತೆ, ಅಲ್ಲಿ ಸೂತ್ರವೇ ನಡೆಯುವುದಿಲ್ಲ. ಯಂತ್ರದ ಗಾತ್ರ ಕೇಳಿದಿರಲ್ಲ, ಎಲ್‌ಎಚ್‌ಸಿ 27 ಕಿ.ಮೀ., ಮೈಸೂರಿನ ಹೊರ ವರ್ತುಲ ರಸ್ತೆಗಿಂತ ಚಿಕ್ಕದು.

ಪ್ರಶ್ನೆ: ಪ್ರಾಜೆಕ್ಟ್‌ಗೆ ನಾವೇ ನಿಜವಾದ ದತ್ತಾಂಶದಲ್ಲಿ ಇದನ್ನು ನೋಡಬಹುದೆ? (ಬಿ.ಎಸ್ಸಿ. ವಿದ್ಯಾರ್ಥಿಗಳು, ಶ್ರೀರಂಗಪಟ್ಟಣ)

ಧಾರಾಳವಾಗಿ. ಅಟ್ಲಾಸ್ ತಂಡ 13 ಟಿಇವಿಯ 10 ವಿಲೋಮ ಫೆಮ್ಟೋಬಾರ್ನ್ ದತ್ತಾಂಶವನ್ನು ಕಲಿಕೆಗೆಂದು 2020ರಲ್ಲಿ ಬಿಟ್ಟುಕೊಟ್ಟಿದೆ. ಪೈಥಾನ್ ಗೊತ್ತಿದ್ದರೆ ಸಾಕು. ಡಬ್ಲ್ಯೂ-ಝೆಡ್ ಜೋಡಿಯನ್ನೇ ಆರಿಸಿಕೊಳ್ಳಿ, ಅದರಲ್ಲಿ ಫೋಟಾನ್ ಕೂಡು ಬೆರೆಯುವುದಿಲ್ಲ. ಒಟ್ಟು ಕ್ರಾಸ್ ಸೆಕ್ಷನ್ ಸುಮಾರು 51 ಪಿಕೋಬಾರ್ನ್, ಅಂದರೆ 5.1 ಲಕ್ಷ ಜೋಡಿ. ಎರಡೂ ಎಲೆಕ್ಟ್ರಾನ್ ಅಥವಾ ಮ್ಯೂಯಾನ್ ಆಗಿ ಒಡೆಯುವುದು ನೂರಕ್ಕೆ ಸುಮಾರು 1.45, ಅಂದರೆ 7,400. ಅದರಲ್ಲೂ ಒಂದು ಪಾಲು ಮಾತ್ರ ಜರಡಿ ದಾಟುತ್ತದೆ.

ಮೂರು ಲೆಪ್ಟಾನ್ ಇರುವ ಘಟನೆ ತೆಗೆದುಕೊಳ್ಳಿ. ಒಂದೇ ಜಾತಿಯ, ವಿರುದ್ಧ ಆವೇಶದ ಜೋಡಿಗಳಲ್ಲಿ 91.19 ಜಿಇವಿಗೆ ಹತ್ತಿರದ್ದು ಝೆಡ್. 10 ಜಿಇವಿಗಿಂತ ದೂರವಿದ್ದರೆ ಬಿಡಿ. ಉಳಿದ ಲೆಪ್ಟಾನ್ ಡಬ್ಲ್ಯೂನದು. ಕಳೆದುಹೋದ ಸಂವೇಗ 30 ಜಿಇವಿ, ಅಡ್ಡ ದ್ರವ್ಯರಾಶಿ (ಲೆಪ್ಟಾನಿನ ಅಡ್ಡ ಸಂವೇಗ ಮತ್ತು ಕಳೆದುಹೋದ ಸಂವೇಗದಿಂದ ಲೆಕ್ಕ ಹಾಕುವುದು) 30 ಜಿಇವಿ ಮೀರಲಿ. ಎಡವುವುದು ಎರಡು ಕಡೆ. ಆ ಫೈಲುಗಳಲ್ಲಿ ಅಳತೆ ಎಂಇವಿಯಲ್ಲಿದೆ (ಜಿಇವಿಯ ಸಾವಿರದಲ್ಲೊಂದು ಪಾಲು). 30 ಎಂದು ಬರೆದರೆ ಜರಡಿಯೇ ಇಲ್ಲದಂತೆ, 30,000 ಎಂದು ಬರೆಯಿರಿ. ಸಿಮ್ಯುಲೇಶನ್ ಘಟನೆಗಳ ಕೆಲವು ತೂಕಗಳು ಋಣ, ಆದ್ದರಿಂದ ಭಾಗಿಸಬೇಕಾದ್ದು ಘಟನೆಗಳ ಸಂಖ್ಯೆಯಿಂದಲ್ಲ, ತೂಕಗಳ ಮೊತ್ತದಿಂದ.

ಕೋಡ್ ಸರಿಯಿದೆಯೇ ಎಂದು ನೋಡಲು: ಲೆಪ್ಟಾನ್ 40 ಜಿಇವಿ, ಕಳೆದುಹೋದದ್ದು 40 ಜಿಇವಿ, ನಡುವಿನ ಕೋನ 180 ಡಿಗ್ರಿ. ಅಡ್ಡ ದ್ರವ್ಯರಾಶಿ ಸರಿಯಾಗಿ 80 ಬರಬೇಕು. ಬಾರದಿದ್ದರೆ, ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿದ್ದೀರಾ ಎಂದು ಮೊದಲು ನೋಡಿ.