ಭಟ್ಟಿಗೆ ಯಾವ ಅಲ್ಯುಮಿನಾ?

ಪ್ರಶ್ನೆ: ನಮ್ಮದು ಗ್ರೇ ಐರನ್ ಫೌಂಡ್ರಿ. ಕರಗಿದ ಲೋಹ ಹೊಯ್ಯುವ 500 ಕೆ.ಜಿ. ಲ್ಯಾಡಲ್‌ಗೆ ಲೈನಿಂಗ್ (ಒಳಪದರ) ಹಾಕಲು ಕಾಸ್ಟೇಬಲ್ (ನೀರಿನಲ್ಲಿ ಕಲಸಿ ಹಾಕುವ, ಶಾಖ ತಾಳುವ ಗಾರೆ) ಬೇಕಿತ್ತು. ಮೂರು ಕೊಟೇಶನ್ ಬಂದಿವೆ, ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡು) ಪ್ರಮಾಣ ಹೀಗಿದೆ: ಬಾಕ್ಸೈಟಿನದು 80%, ಬ್ರೌನ್ ಫ್ಯೂಸ್ಡ್‌ನದು 90%, ಟ್ಯಾಬ್ಯುಲರ್‌ನದು 95%. ಶೇಕಡಾ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚೇ?
– ಫೌಂಡ್ರಿ ಮಾಲೀಕರು, ಇಚಲಕರಂಜಿ

ಉತ್ತರ: ಹಾಗೇನೂ ಇಲ್ಲ. ನಿಮ್ಮ ಕಬ್ಬಿಣ 1400–1450 ಡಿಗ್ರಿಯದು. ಶಾಖ ತಡೆಯುವ ಮಟ್ಟಿಗೆ ಮೂರೂ ಪಾಸು. ನೋಡಬೇಕಾದ್ದು ಮಾಲಿನೊಳಗಿನ ಹರಳು ಹೇಗೆ ತಯಾರಾಗಿದೆ, ಉಳಿದ ಶೇಕಡಾದಲ್ಲಿ ಏನಿದೆ ಎಂಬುದನ್ನು.

ಬಾಕ್ಸೈಟನ್ನು ಸುಟ್ಟು ಮಾಡಿದ ಹರಳಿನಲ್ಲಿ ಸಿಲಿಕಾ, ಟೈಟಾನಿಯಾ (ಟೈಟಾನಿಯಂ ಆಕ್ಸೈಡು), ಕಬ್ಬಿಣದ ಆಕ್ಸೈಡು ಉಳಿದಿರುತ್ತವೆ, ರಂಧ್ರಗಳೂ ಜಾಸ್ತಿ. ಬ್ರೌನ್ ಫ್ಯೂಸ್ಡ್ ಅದೇ ಬಾಕ್ಸೈಟನ್ನು ಆರ್ಕ್ ಫರ್ನೇಸಿನಲ್ಲಿ ಕರಗಿಸಿದ್ದು. ಟೈಟಾನಿಯಾ 2–3% ಉಳಿದರೂ ಹರಳು ಗಟ್ಟಿ, ಸ್ಲ್ಯಾಗ್ (ಲೋಹದ ಮೇಲೆ ತೇಲುವ ಕಿಟ್ಟ) ಬೇಗ ಒಳನುಗ್ಗದು. ಟ್ಯಾಬ್ಯುಲರ್ ಶುದ್ಧ ಅಲ್ಯುಮಿನಾವನ್ನು ಕರಗಿಸದೆ 1800 ಡಿಗ್ರಿಗೂ ಮೇಲೆ ಸುಟ್ಟು ಮಾಡಿದ್ದು, ಹರಳನ್ನಷ್ಟೇ ನೋಡಿದರೆ 99%ಕ್ಕೂ ಹೆಚ್ಚು ಅಲ್ಯುಮಿನಾ. ಹರಳಿನೊಳಗೆ ಮುಚ್ಚಿಕೊಂಡ ಸಣ್ಣ ರಂಧ್ರಗಳಿರುವುದರಿಂದ ಬಿಸಿ-ತಂಪಿನ ಹೊಡೆತವನ್ನು ಚೆನ್ನಾಗಿ ತಾಳುತ್ತದೆ. ಅಷ್ಟೇ ಶುದ್ಧವಾದ ವೈಟ್ ಫ್ಯೂಸ್ಡ್ ಈ ವಿಷಯದಲ್ಲಿ ಅದಕ್ಕಿಂತ ಹಿಂದೆ.

ಆದರೆ ಸ್ಲ್ಯಾಗ್ ಮೊದಲು ತಿನ್ನುವುದು ಹರಳನ್ನಲ್ಲ, ಹರಳುಗಳ ನಡುವಿನ ಹುಡಿಯನ್ನು. ಅಲ್ಲಿ ಸಿಮೆಂಟಿನ ಸುಣ್ಣದಂಶ ಹೆಚ್ಚಿದ್ದರೆ ದುಬಾರಿ ಹರಳು ಸುಮ್ಮನೆ ಉದುರುತ್ತದೆ. ಆದ್ದರಿಂದ ಲೋ ಸಿಮೆಂಟ್ (ಸಿಮೆಂಟಿನಂಶ ಕಡಿಮೆ ಇರುವ) ಮಾಲನ್ನೇ ಕೇಳಿ. ಅದರ ಹುಡಿಯಲ್ಲಿ ಕ್ಯಾಲ್ಸೈನ್ಡ್ (ಸುಟ್ಟ) ಮತ್ತು ರಿಯಾಕ್ಟಿವ್ (ತೀರಾ ನುಣ್ಣಗೆ ಅರೆದ) ಅಲ್ಯುಮಿನಾ ಇರಬೇಕು. ನಮ್ಮ ಸಲಹೆ: ಗೋಡೆಗೆ ಬಾಕ್ಸೈಟಿನದು, ಧಾರೆ ಬೀಳುವ ತಳಕ್ಕೆ ಬ್ರೌನ್ ಫ್ಯೂಸ್ಡ್. ಟ್ಯಾಬ್ಯುಲರ್‌ಗೆ ಹೋಗುವ ದುಡ್ಡನ್ನು ಲೈನಿಂಗ್ ಆರಿಸುವ ಒಳ್ಳೆಯ ಬರ್ನರ್‌ಗೆ ಹಾಕಿ.

ಯಾಕೆಂದರೆ ಲೈನಿಂಗ್ ಹಾಳಾಗುವುದು ಹೆಚ್ಚಾಗಿ ನೀರಿನಿಂದ. ಲೋ ಸಿಮೆಂಟ್ ಮಾಲಿಗೆ ಸಾಮಾನ್ಯವಾಗಿ 5–6% ನೀರು ಸಾಕು, ಅಂದರೆ 25 ಕೆ.ಜಿ. ಚೀಲಕ್ಕೆ ಸುಮಾರು ಒಂದೂವರೆ ಲೀಟರ್ ಒಳಗೆ. ಚೀಲದ ಮೇಲಿನ ಅಳತೆಯೇ ಕೊನೆ. ಕಲಸಿದ್ದು ಉದುರುದುರಾಗಿ ಕಾಣುತ್ತದೆ, ಕೆಲಸಗಾರ ಇನ್ನೊಂದು ಚೊಂಬು ಸುರಿದೇಬಿಡುತ್ತಾನೆ. ಸುರಿಯಲು ಬಿಡಬೇಡಿ, ವೈಬ್ರೇಟರ್ ಹಿಡಿಯಿರಿ, ತಾನಾಗಿ ಹರಿಯುತ್ತದೆ. ಹೆಚ್ಚಿನ ನೀರು ಆರಿದ ಮೇಲೆ ರಂಧ್ರ ಬಿಟ್ಟುಹೋಗುತ್ತದೆ. ಕುಡಿಯುವ ನೀರನ್ನೇ ಬಳಸಿ. ಉಪ್ಪು ನೀರಿನ ಬೋರ್‌ವೆಲ್ ಬೇಡ.

24 ಗಂಟೆ ಸೆಟ್ ಆಗಲು ಬಿಟ್ಟು, ಗಂಟೆಗೆ 25–30 ಡಿಗ್ರಿಯಂತೆ ಬಿಸಿ ಏರಿಸಿ. 110, 350, 600 ಡಿಗ್ರಿಗಳಲ್ಲಿ ನಿಲ್ಲಿಸಿ ನಿಲ್ಲಿಸಿ ಹೋಗಿ. ಅವಸರ ಮಾಡಿದರೆ ಒಳಗಿನ ಆವಿಗೆ ದಾರಿ ಸಿಗದೆ ಲೈನಿಂಗ್ ಸಿಡಿಯುತ್ತದೆ. ಇದು ಅಪಾಯವೂ ಹೌದು, ಆ ಹೊತ್ತಿನಲ್ಲಿ ಯಾರೂ ಲ್ಯಾಡಲ್ ಬಾಯಿಗೆ ಇಣುಕಬಾರದು.

ಪ್ರಶ್ನೆ: ಅಲ್ಯುಮಿನಿಯಂ ಹೋಲ್ಡಿಂಗ್ ಫರ್ನೇಸಿಗೆ (ಕರಗಿದ ಲೋಹವನ್ನು ಬಿಸಿಯಾಗಿಡುವ ಭಟ್ಟಿ) 85% ಅಲ್ಯುಮಿನಾ ಇಟ್ಟಿಗೆ ಹಾಕಿದ್ದೇವೆ. ಆದರೂ ಲೋಹದ ಮಟ್ಟದ ಮೇಲ್ಗಡೆ ಕಪ್ಪು ಗಡ್ಡೆ ಬೆಳೆಯುತ್ತಿದೆ. ಏಕೆ?
– ಮೆಂಟೆನೆನ್ಸ್ ವಿಭಾಗ, ಹೊಸೂರು

ಉತ್ತರ: ಕರಗಿದ ಅಲ್ಯುಮಿನಿಯಂ ಇಟ್ಟಿಗೆಯ ಸಿಲಿಕಾದಿಂದ ಆಮ್ಲಜನಕ ಕಿತ್ತುಕೊಂಡು ತಾನೇ ಅಲ್ಯುಮಿನಾ ಆಗುತ್ತದೆ. ಗಾಳಿ ತಾಗುವಲ್ಲಿ ಇದು ಜೋರು. ನಿಮ್ಮ ಗಡ್ಡೆಯಲ್ಲಿರುವುದು ಹೆಚ್ಚಾಗಿ ಕುರಂದವೇ (ಹರಳುಗಟ್ಟಿದ ಅಲ್ಯುಮಿನಾ). 90%ದ ಇಟ್ಟಿಗೆ ತಂದರೂ ರಂಧ್ರ ಹೆಚ್ಚಿದ್ದರೆ ಇದೇ ಪಾಡು. ಬೇರಿಯಂ ಸಲ್ಫೇಟ್ ಸೇರಿದ, ಲೋಹ ಅಂಟದ ಕಾಸ್ಟೇಬಲ್ ಹಾಕಿ. ಅತಿ ಬಿಸಿಯಲ್ಲಿ ಆ ಗುಣ ಹೋಗುವುದರಿಂದ ಬರ್ನರ್ ಜ್ವಾಲೆ ನೇರ ಗೋಡೆಗೆ ಬಡಿಯದಂತೆ ತಿರುಗಿಸಿ. ಗಡ್ಡೆಯನ್ನು ಪ್ರತಿ ಪಾಳಿಯಲ್ಲೂ ಮೆತ್ತಗಿರುವಾಗಲೇ ಕೆರೆಯಿರಿ. ಗಟ್ಟಿಯಾದ ಮೇಲೆ ಹಾರೆ ಹಾಕಿದರೆ ಇಟ್ಟಿಗೆಯೂ ಕಿತ್ತುಬರುತ್ತದೆ.

ಪ್ರಶ್ನೆ: ನಮ್ಮಲ್ಲಿ ಧಾರಾಳವಾಗಿ ಸಿಗುವ ಮುರಕಲ್ಲಿನಲ್ಲೂ (ಕೆಂಪು ಲ್ಯಾಟರೈಟ್ ಕಲ್ಲು) ಅಲ್ಯುಮಿನಾ ಇದೆಯಂತೆ. ಭಟ್ಟಿ ಇಟ್ಟಿಗೆಗೆ ಬಳಸಬಹುದೇ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಇದೆ, ಆದರೆ ಆ ಕೆಂಪು ಬಣ್ಣ ಕಬ್ಬಿಣದ್ದು. ಅದು ಸಿಲಿಕಾ, ಅಲ್ಯುಮಿನಾಗಳೊಡನೆ ಸೇರಿ ಕಡಿಮೆ ಬಿಸಿಯಲ್ಲೇ ಗಾಜಿನಂತೆ ಕರಗತೊಡಗುತ್ತದೆ. ಭಟ್ಟಿಗೆ ಕಬ್ಬಿಣದಂಶ ತೀರಾ ಕಡಿಮೆಯಿರುವ ಬಾಕ್ಸೈಟೇ ಬೇಕು. ಅಲ್ಯುಮಿನಿಯಂ ಲೋಹ ತೆಗೆಯುವವರಿಗೆ ಇಷ್ಟು ಬಿಗಿ ಇಲ್ಲ: ಕಾಸ್ಟಿಕ್ ಸೋಡಾದಲ್ಲಿ ಅಲ್ಯುಮಿನಾ ಕರಗಿ, ಕಬ್ಬಿಣ ಕೆಂಪು ಕೆಸರಾಗಿ ಹಿಂದೆ ಉಳಿಯುತ್ತದೆ.