ಪಿತ್ತ ಬೇರೆ, ಪಿತ್ತರಸ ಬೇರೆ

ಮೈಮೇಲೆ ಪಿತ್ತದ ಗಂಧೆ ಎದ್ದಿದೆ, ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ ಸಹಜವಾಗಿಯೇ (0.7) ಬಂದಿದೆ, ಆದರೂ ಆಯುರ್ವೇದ ವೈದ್ಯರು ಪಿತ್ತ ಹೆಚ್ಚಾಗಿದೆ ಎನ್ನುತ್ತಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಇಲ್ಲಿ ಜಗಳವೇ ಇಲ್ಲ. ಹೆಸರು ಒಂದೇ, ವಿಷಯ ಎರಡು.

ಪ್ರಯೋಗಾಲಯ ಅಳೆದದ್ದು ಬಿಲಿರುಬಿನ್ ಅನ್ನು, ಅಂದರೆ ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಳಿಯುವ ಹಳದಿ ಬಣ್ಣದ ವಸ್ತುವನ್ನು. ಯಕೃತ್ತು ಅದನ್ನು ತಾನೇ ತಯಾರಿಸುವ ಜೀರ್ಣರಸವಾದ ಪಿತ್ತರಸದ ಜೊತೆ ಕರುಳಿಗೆ ಸಾಗಿಸುತ್ತದೆ. ಅದು ರಕ್ತದಲ್ಲಿ ಏರಿದರೆ ಕಾಮಾಲೆ. ನಿಮ್ಮದು ಏರಿಲ್ಲ.

ಆಯುರ್ವೇದದ ಪಿತ್ತ ಒಂದು ದ್ರವವಷ್ಟೇ ಅಲ್ಲ. ಪಾಚಕ, ರಂಜಕ, ಸಾಧಕ, ಆಲೋಚಕ, ಭ್ರಾಜಕ ಎಂದು ಅದು ಐದು ಬಗೆ. ಆಲೋಚಕದ ಜಾಗ ಕಣ್ಣು, ಭ್ರಾಜಕದ್ದು ಚರ್ಮ. ಕಣ್ಣಿಗೆ ಪಿತ್ತರಸ ಎಲ್ಲಿಂದ ಬರಬೇಕು ಹೇಳಿ! ಬಿಸಿ, ಪಚನ, ಬಣ್ಣ, ಕೋಪ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಮಾಡಿಕೊಂಡ ಕಲ್ಪನೆ ಅದು. ಸಿಟ್ಟಿನವರನ್ನು ಕಂಡು ನಾವು 'ಪಿತ್ತ ನೆತ್ತಿಗೇರಿದೆ' ಎನ್ನುವುದೂ ಅದರಿಂದಲೇ.

ನಿಮ್ಮ ಪಿತ್ತದ ಗಂಧೆಯನ್ನೇ ನೋಡಿ. ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ, ಸಣ್ಣ ರಕ್ತನಾಳಗಳು ಸೋರುತ್ತವೆ, ಮೈ ದದ್ದರಿಸಿ ತುರಿಸುತ್ತದೆ. ಪಿತ್ತಕೋಶಕ್ಕೂ ಇದಕ್ಕೂ ನಂಟಿಲ್ಲ. ಕರಾವಳಿಯಲ್ಲಿ ಪುನರ್ಪುಳಿ ಶರಬತ್ತು ಕೊಡುತ್ತಾರೆ; ನನಗೂ ಕುಡಿಸಿದ್ದಾರೆ, ರುಚಿಗೆ ಮೋಸವಿಲ್ಲ. ಆದರೆ ಗಂಧೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುವುದರಿಂದ, ಶ್ರೇಯಸ್ಸನ್ನೆಲ್ಲ ಶರಬತ್ತಿಗೆ ಕೊಡಲು ನಾನು ಸಿದ್ಧನಿಲ್ಲ.

ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ಯಾವ ಪಿತ್ತವೆಂದು ಯೋಚಿಸದೆ ತಕ್ಷಣ ಆಸ್ಪತ್ರೆಗೆ ಹೋಗಿ.