ಹಣದ ಪ್ರಶ್ನೆ: ಆ್ಯಪ್ ಸಾಲದ ಸುಳಿಯಿಂದ ಹೊರಬರುವುದು ಹೇಗೆ?

ಪ್ರಶ್ನೆ: ನನ್ನ ಸಂಬಳ 24 ಸಾವಿರ. ಐದು ಆ್ಯಪ್‌ಗಳಲ್ಲಿ ಸೇರಿ 68 ಸಾವಿರ ಸಾಲವಿದೆ, ಎಲ್ಲವೂ ತಿಂಗಳೊಳಗೆ ಕಟ್ಟಬೇಕಾದವು. ಒಂದರಲ್ಲಿ ತೆಗೆದು ಇನ್ನೊಂದಕ್ಕೆ ಕಟ್ಟುತ್ತಿದ್ದೇನೆ. ಮನೆ ಖರ್ಚು ಕಳೆದು ಉಳಿಯುವುದು 7 ಸಾವಿರ. ಹೆಂಡತಿಯ 12 ಗ್ರಾಂ ಸರವಿದೆ, ಆದರೆ ಸಾಲದ ವಿಷಯ ಅವಳಿಗೆ ಗೊತ್ತಿಲ್ಲ.
– ಓದುಗ, ಪೀಣ್ಯ, ಬೆಂಗಳೂರು

ಉತ್ತರ: ನಿಮ್ಮನ್ನು ಸುಡುತ್ತಿರುವುದು ಬಡ್ಡಿಗಿಂತ ಹೆಚ್ಚಾಗಿ ಪ್ರೊಸೆಸಿಂಗ್ ಫೀಸು. ಲೆಕ್ಕ ನೋಡಿ: 10,000 ಸಾಲಕ್ಕೆ ಶೇ 15 ಫೀಸು, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,770 ಮೊದಲೇ ಹಿಡಿದುಕೊಂಡರೆ ಕೈಗೆ ಬರುವುದು 8,230. ತಿಂಗಳಿಗೆ ಶೇ 3ರ ಬಡ್ಡಿ ಸೇರಿ ಕಟ್ಟುವುದು 10,300. ಅಂದರೆ 8,230 ರೂಪಾಯಿಯನ್ನು 30 ದಿನ ಬಳಸಿದ್ದಕ್ಕೆ 2,070. ವರ್ಷದ ಲೆಕ್ಕದಲ್ಲಿ ಶೇ 300 ದಾಟುತ್ತದೆ. ಇದೇ ದರದಲ್ಲಿ 68 ಸಾವಿರವನ್ನು ಒಂದು ತಿಂಗಳು ಹೊರಳಿಸಿದರೆ ಫೀಸೇ 12 ಸಾವಿರ. ನಿಮ್ಮಲ್ಲಿ ಉಳಿಯುವುದು 7. ಹಾಗಾಗಿ ಎಷ್ಟು ಕಟ್ಟಿದರೂ ಅಸಲು ಕರಗುವುದಿಲ್ಲ.

ಮೊದಲ ಕೆಲಸ, ಹೆಂಡತಿಗೆ ಹೇಳುವುದು. ಸರ ಅವರದು, ಕದ್ದು ಅಡವಿಡುವ ಮಾತೇ ಬೇಡ. ಅವರು ಒಪ್ಪಿದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ ಕೇಳಿ. ಕಲ್ಲು, ಮೇಣದ ತೂಕ ಕಳೆದು ಬೆಲೆ ಕಟ್ಟುತ್ತಾರೆ. ಈಗಿನ ದರದಲ್ಲಿ 12 ಗ್ರಾಂಗೆ 68 ಸಾವಿರ ಸಿಗುವುದು ಕಷ್ಟವಲ್ಲ. ಮಾಸಿಕ ಕಂತಿನ ಸಾಲವನ್ನೇ ಕೇಳಿ ಪಡೆಯಿರಿ. ಶೇ 10ರ ಬಡ್ಡಿಗೆ 12 ಕಂತಾದರೆ ತಿಂಗಳಿಗೆ ಸುಮಾರು 5,980, ವರ್ಷದ ಒಟ್ಟು ಬಡ್ಡಿ 3,750ರ ಆಸುಪಾಸು. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲ ಹಗುರವಾಗಿ ಕಾಣುತ್ತದೆ, ಆದರೆ ನಿಮ್ಮಂಥ ಸ್ಥಿತಿಯಲ್ಲಿ ಒಡವೆ ಹರಾಜಿಗೆ ಹೋಗುವುದು ಅಲ್ಲೇ. ಕೆಲವು ಫೈನಾನ್ಸ್ ಕಂಪನಿಗಳು ಬೋರ್ಡಿನಲ್ಲಿ ಹಾಕುವ ಕಡಿಮೆ ಬಡ್ಡಿ ಪ್ರತಿ ತಿಂಗಳೂ ತಪ್ಪದೆ ಕಟ್ಟಿದರೆ ಮಾತ್ರ. ತಪ್ಪಿದರೆ ದರ ಎಷ್ಟಕ್ಕೆ ಏರುತ್ತದೆ ಎಂದು ಬರಹದಲ್ಲಿ ಕೇಳಿ.

ಯಾವುದನ್ನು ಮೊದಲು ತೀರಿಸಬೇಕು? ಫೀಸು ಆಗಲೇ ಹೋಗಿದೆ, ಬೇಗ ಕಟ್ಟಿದರೂ ಅದು ವಾಪಸ್ ಬರುವುದಿಲ್ಲ. ಆದ್ದರಿಂದ ಗಡುವು ಹತ್ತಿರವಿರುವುದನ್ನು ಮೊದಲು ಕಟ್ಟಿ, ಹೊಸದಾಗಿ ತೆಗೆಯುವುದನ್ನು ಅಂದೇ ನಿಲ್ಲಿಸಿ. ಪ್ರತಿ ಸಾಲಕ್ಕೂ ಬಾಕಿಯಿಲ್ಲ ಎಂಬ ನೋ ಡ್ಯೂ ಪತ್ರ ಪಡೆಯಿರಿ. ಯುಪಿಐ ಆಟೋಪೇ ಮತ್ತು ಬ್ಯಾಂಕಿನ ಮ್ಯಾಂಡೇಟ್ (ಖಾತೆಯಿಂದ ತಾನಾಗಿಯೇ ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆ) ಪಟ್ಟಿ ಎರಡನ್ನೂ ನೋಡಿ, ತೀರಿದ ಸಾಲದ ಮ್ಯಾಂಡೇಟ್ ರದ್ದುಮಾಡಿ. ಆಮೇಲೆ ಖಾತೆ ಮುಚ್ಚಲು ಇ-ಮೇಲ್ ಹಾಕಿ. ಆ್ಯಪ್ ಅಳಿಸಿದರೆ ಸಾಲದು, ಖಾತೆ ಹಾಗೇ ಇದ್ದರೆ ‘ನಿಮಗೆ 40 ಸಾವಿರ ಮಂಜೂರಾಗಿದೆ’ ಎಂಬ ಮೆಸೇಜು ನಿಲ್ಲುವುದಿಲ್ಲ.

ಹಣ ಹೊಂದಿಸುವುದರೊಳಗೆ ಗಡುವು ಬಂದರೆ ಕಂತಾಗಿ ಬದಲಿಸಿಕೊಡಿ ಎಂದು ಗಡುವಿಗೆ ಮುಂಚೆಯೇ ಕಂಪನಿಗೆ ಬರೆಯಿರಿ. ಖಾತೆಯಲ್ಲಿ ಹಣವಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆದರೆ ಬ್ಯಾಂಕೂ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರೂ ದಂಡ ಹಾಕುತ್ತಾರೆ. ಆದರೆ 2024ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಸ್ಟೇಟ್‌ಮೆಂಟ್ ತರಿಸಿ ಸಾಲು ಸಾಲಾಗಿ ನೋಡಿ.

ಅರ್ಧಕ್ಕೆ ‘ಸೆಟಲ್’ ಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳನ್ನು ದೂರವಿಡಿ. ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬಿದ್ದರೆ ಮುಂದೆ ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದು ಕಟ್ಟುವುದೂ ಬೇಡ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಡವಿಡಲು ಚಿನ್ನವಿಲ್ಲ. ಬೇರೆ ದಾರಿ?
– ಓದುಗರು, ದಾವಣಗೆರೆ

ಉತ್ತರ: ಎಲ್‌ಐಸಿ ಪಾಲಿಸಿ ಕೆಲವು ವರ್ಷ ಹಳೆಯದಾಗಿದ್ದರೆ ಅದರ ಸರೆಂಡರ್ ಮೌಲ್ಯದ (ಈಗಲೇ ನಿಲ್ಲಿಸಿದರೆ ಸಿಗುವ ಮೊತ್ತ) ಮೇಲೆ ಸಾಲ ಸಿಗುತ್ತದೆ. ಎಫ್‌ಡಿ ಇದ್ದರೆ ಮುರಿಯಬೇಡಿ, ಅದರ ಮೇಲೆಯೇ ಸಾಲ ತೆಗೆಯಿರಿ. ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಶೇ 1ರಿಂದ 2 ಹೆಚ್ಚು, ಅಷ್ಟೇ. ಆಫೀಸಿನಲ್ಲಿ ನೌಕರರ ಸೊಸೈಟಿ ಇದ್ದರೆ ಶೇರು ಕಟ್ಟಿ ಸದಸ್ಯರಾಗಿ. ಸಹೋದ್ಯೋಗಿಗಳ ಜಾಮೀನು ಕೇಳುತ್ತಾರೆ, ಕಂತು ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಮಾಲೀಕರಲ್ಲಿ ಸಂಬಳದ ಮುಂಗಡ ಕೇಳಲು ನಾಚಿಕೆ ಬೇಡ, ಅದಕ್ಕಿಂತ ಅಗ್ಗದ್ದು ಇಲ್ಲ.

ಬೀದಿ ವ್ಯಾಪಾರಿಗಳಾದರೆ ಪಾಲಿಕೆ ಅಥವಾ ಪುರಸಭೆಯಲ್ಲಿ ಪಿಎಂ ಸ್ವನಿಧಿ ಯೋಜನೆಯನ್ನು ವಿಚಾರಿಸಿ. 2025ರ ಬದಲಾವಣೆಯ ನಂತರ ಮೊದಲ ಸಾಲ 15 ಸಾವಿರ, ಸರಿಯಾಗಿ ತೀರಿಸಿದರೆ 25, ಆಮೇಲೆ 50 ಸಾವಿರದವರೆಗೆ. ವೇಳೆಗೆ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನವಿದೆ. ಇದನ್ನು ದಿನದ ಕಂತಿನ ಸಾಲದೊಂದಿಗೆ ಹೋಲಿಸಿ: 9,000 ಕೈಗೆ ಕೊಟ್ಟು ದಿನಕ್ಕೆ 100ರಂತೆ 100 ದಿನ ಕಟ್ಟಿಸಿಕೊಂಡರೆ ನೋಡಲು ಶೇ 10. ಆದರೆ ಅಸಲು ದಿನದಿನಕ್ಕೂ ಇಳಿಯುವುದರಿಂದ ವರ್ಷದ ದರ ಶೇ 80ರ ಹತ್ತಿರ.

ಪ್ರಶ್ನೆ: ಕೇಳದೆಯೇ ಖಾತೆಗೆ 3,500 ಬಂತು. ಏಳೇ ದಿನಕ್ಕೆ 6,000 ಕಟ್ಟು, ಇಲ್ಲದಿದ್ದರೆ ಫೋಟೊ ತಿರುಚಿ ಎಲ್ಲರಿಗೂ ಕಳಿಸುತ್ತೇವೆ ಎನ್ನುತ್ತಿದ್ದಾರೆ.
– ಓದುಗರು, ಹುಬ್ಬಳ್ಳಿ

ಉತ್ತರ: ಇದು ಸಾಲವಲ್ಲ, ಸುಲಿಗೆ. ಒಮ್ಮೆ ಹೆದರಿ ಕಟ್ಟಿದವರನ್ನೇ ಅವರು ಮತ್ತೆ ಹಿಡಿಯುತ್ತಾರೆ. ನಿಯಮ ಪಾಲಿಸುವ ಸಾಲದಾತರು ಕರಾರಿನ ಜತೆ ವಾರ್ಷಿಕ ದರ ನಮೂದಿಸಿದ ಮುಖ್ಯ ಮಾಹಿತಿ ಪತ್ರ ಕೊಡಬೇಕು, ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿ ಮುಟ್ಟುವಂತಿಲ್ಲ. ಮರುಪಾವತಿ ಸಂಸ್ಥೆಯ ಖಾತೆಗೇ ಹೋಗಬೇಕು. ಯಾವುದೋ ವ್ಯಕ್ತಿಯ ಯುಪಿಐಗೆ ಕಟ್ಟು ಎಂದರೆ ಅಲ್ಲೇ ಅನುಮಾನಪಡಿ.

ಆ್ಯಪ್ ಅಳಿಸುವ ಮೊದಲು ಅದರ ಹೆಸರು, ಸಾಲದ ಪುಟ, ಬೆದರಿಕೆ ಮೆಸೇಜು, ನಂಬರುಗಳು, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳನ್ನು ಕಿತ್ತುಹಾಕಿ. ನಂಟರಿಗೂ ಪರಿಚಿತರಿಗೂ ನೀವೇ ಮೊದಲು ಎರಡು ಸಾಲು ಕಳಿಸಿ: ‘ನನ್ನ ಹೆಸರಲ್ಲಿ ನಕಲಿ ಫೋಟೊ ಬರಬಹುದು, ತೆರೆಯಬೇಡಿ.’ ಬೆದರಿಕೆಯ ಬಲ ಅಲ್ಲಿಗೆ ಅರ್ಧ ಇಳಿಯುತ್ತದೆ. ನಂತರ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಯಲ್ಲೂ ದೂರು ಬರೆಸಿ. ಬಂದ 3,500ನ್ನು ಮುಟ್ಟದೆ ಬಿಡಿ, ಬ್ಯಾಂಕಿಗೆ ಪತ್ರದಲ್ಲಿ ತಿಳಿಸಿ. ನೋಂದಣಿಯಿಲ್ಲದ ಸಾಲದಾತರ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ತಂದ ಕಿರು ಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ದೂರಿನಲ್ಲಿ ಅದನ್ನೂ ನಮೂದಿಸಿ.

ನೋಂದಾಯಿತ ಕಂಪನಿಯ ವಸೂಲಿಯವರೇ ಕಾಡುತ್ತಿದ್ದರೆ ದಾರಿ ಬೇರೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ, ಅಲ್ಲಿ ಶುಲ್ಕವಿಲ್ಲ. ಸಹಾಯವಾಣಿ 14448.